ರೈಲನ್ನು ಸೋಲಿಸಿದ ಕಾರು

ಸೀಮೆಎಣ್ಣೆಯಲ್ಲಿ ಕಬ್ಬಿಣದ ಸಾಮಾನು ತೊಳೆಯುವ ವಾಸನೆ ಈಗ ಅಪರೂಪ. ಬಂಗಾರಪೇಟೆಯಲ್ಲಿ ನಾನಿರುವ ಬೀದಿಯ ತುದಿಗೆ ಒಂದು ಸ್ಕೂಟರ್ ರಿಪೇರಿ ಅಂಗಡಿ ಇದೆ. ಅಲ್ಲಿನ ಮೇಸ್ತ್ರಿ ಬಿಚ್ಚಿದ ಸಾಮಾನುಗಳನ್ನು ತಗಡಿನ ತಟ್ಟೆಯಲ್ಲಿ ನೆನೆಹಾಕಿ ಬ್ರಷ್ಷಿನಿಂದ ಉಜ್ಜುವಾಗ ಆ ವಾಸನೆ ಬೀದಿಗೆ ಬರುತ್ತದೆ. ಬಂದರೆ ನಾನು ನಿಂತುಬಿಡುತ್ತೇನೆ. ಅದರ ಬೆನ್ನಿಗೇ, ಎಲ್ಲಿಂದಲೋ, ಹುರುಳಿಕಾಳಿನ ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಘಮವೂ ಬಂದಂತಾಗುತ್ತದೆ. ಕೆಜಿಎಫ್‌ನ ಉರಿಗಾಂನಲ್ಲಿದ್ದ ನಮ್ಮ ಮಾವನ ಮನೆಯಲ್ಲಿ ಭಾನುವಾರಗಳಂದು ಈ ಎರಡು ವಾಸನೆಗಳು ಯಾವಾಗಲೂ ಒಟ್ಟಿಗೇ ಇರುತ್ತಿದ್ದವು. ಒಂದು ಅಂಗಳದ್ದು, ಒಂದು ಅಡುಗೆಮನೆಯದ್ದು. ಹೊಸ್ತಿಲ ಮೇಲೆ ಕೂತರೆ ಎರಡೂ ಸಿಗುತ್ತಿದ್ದವು. ಅಂಥ ಒಂದು ಹೊಸ್ತಿಲು ನಿಮಗೂ ಇದ್ದೀತು. ಈಗ ಹೋಗಿ ಕೂರೋಣವೆಂದರೆ ಅದು ನಿಮಗೂ ಸಿಗಲಾರದು.

ನಮ್ಮದು ಬಂಗಾರಪೇಟೆ ಕಡೆಯ ಹಳ್ಳಿ, ಬೇಸಾಯದ ಮನೆ. ಹೈಸ್ಕೂಲಿಗೆಂದು ಅಪ್ಪ ನನ್ನನ್ನು ತಾಯಿಯ ತಮ್ಮ ವೆಂಕಟಪ್ಪ ಮಾವನ ಮನೆಯಲ್ಲಿ ಬಿಟ್ಟಿದ್ದರು. ಎಪ್ಪತ್ತರ ದಶಕದ ಮಾತು. ಮಾವ ಅಲ್ಲಿನ ಚಿನ್ನದ ಗಣಿಯಲ್ಲಿ ಯಂತ್ರ ಜೋಡಿಸುವ ಫಿಟ್ಟರ್. ಮಾವನಿಗೂ ರತ್ನತ್ತೆಗೂ ಮಕ್ಕಳಿರಲಿಲ್ಲ. ಸಾಲುಮನೆಯೊಂದರಲ್ಲಿ ಅವರಿಬ್ಬರು, ನಾನು, ಮತ್ತೆ ಅಂಗಳದ ತಗಡಿನ ಮಾಡಿನಡಿ ಒಂದು ಹಸಿರು ಕಾರು. ಗಣಿಯ ಯಾರೋ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದದ್ದು, ಹಲವು ಕೈ ದಾಟಿ ಮಾವನ ಅಂಗಳಕ್ಕೆ ಬಂದು ನಿಂತಿತ್ತು. ಬಣ್ಣ ಬೂಸಲು ಹಿಡಿದಂತಾಗಿ, ಬಾಗಿಲೊಂದನ್ನು ಹಗ್ಗದಿಂದ ಕಟ್ಟಿದ್ದರೂ, ಮಾವ ಅದರ ಮುಂದೆ ನಿಂತಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಕಾರಿಗೆ ಒಬ್ಬಳೇ ವೈರಿ, ನಮ್ಮತ್ತೆ. ಪ್ರತಿ ಭಾನುವಾರ ಸೊಪ್ಪು ತರಕಾರಿಗೆ ನಾವೆಲ್ಲ ಬಂಗಾರಪೇಟೆಗೆ ಹೋಗುತ್ತಿದ್ದೆವು. ಹೋಗುವಾಗ ಕಾರಿನಲ್ಲಿ ಕೂರುತ್ತಿದ್ದ ಅತ್ತೆ, ಬರುವಾಗ ಬುಟ್ಟಿ ಎತ್ತಿಕೊಂಡು ಸೀದಾ ರೈಲ್ವೆ ಸ್ಟೇಷನ್ನಿಗೆ ನಡೆಯುತ್ತಿದ್ದಳು. ಏರು ಬಂದಲ್ಲೆಲ್ಲ ಕಾರು ಏದುಸಿರು ಬಿಟ್ಟು, ನೀರು ಕುಡಿದು, ನಾನು ಇಳಿದು ತಳ್ಳಿ, ನಾವು ಮನೆ ಮುಟ್ಟುವ ಹೊತ್ತಿಗೆ ಅತ್ತೆ ಆಗಲೇ ಒಲೆ ಹಚ್ಚಿರುತ್ತಿದ್ದಳು. ಆಕೆ ಗಂಡನಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ನನ್ನ ಮೂಲಕ ಹೇಳುತ್ತಿದ್ದಳು.

“ಏಳ್ಲಾ ಸೀನ ನಿಮ್ ಮಾವಂಗೆ, ರೈಲು ಬಂದು ಒಂದು ಗಂಟೆ ಆಯ್ತು, ಮುದ್ದೆ ಆರೋಯ್ತು ಅಂತ. ಮುಂದಿನ ವಾರ ಎತ್ತಿನ್ ಗಾಡಿ ಕಟ್ಕಂಡ್ ಬರ್ಲಿ, ಇದಕ್ಕಿಂತ ಬಿರ್ರನೆ ಬತ್ತೈತೆ.”

“ಏಳ್ಲಾ ನಿಮ್ಮತ್ತೆಗೆ,” ಎನ್ನುತ್ತಿದ್ದ ಮಾವ ಕೈ ತೊಳೆಯುತ್ತ, “ಒಂದಿನ ಆ ರೈಲ್ಗಿಂತ ಮೊದ್ಲು ಉರಿಗಾಂ ಸ್ಟೇಷನ್ನಾಗೆ ನಿಂತ್ಕಂಡು ಆವಮ್ಮನ ಬುಟ್ಟಿ ನಾನೇ ಇಳಿಸ್ತೀನಿ ಅಂತ.”

ಈ ಪಂತ ಕೇಳಿ ಹೊಟ್ಟೆ ಹಿಡಿದು ನಕ್ಕವನು ಸೆಲ್ವಣ್ಣ. ಪಕ್ಕದ ಗಣಿಬಡಾವಣೆ ಚಾಂಪಿಯನ್ ರೀಫ್ಸ್‌ನವನು, ಕಬ್ಬಿಣ ಕೊರೆಯುವ ಲೇತ್ ಯಂತ್ರದ ಕೆಲಸದವನು, ಮಾವನಿಗೆ ಕೆಲಸಕ್ಕೆ ಸೇರಿದ ದಿನದಿಂದ ಸ್ನೇಹಿತ. ತಮಿಳು ಸೇರಿದ ಕನ್ನಡ ಅವನದು. ಮಾತಿಗಿಂತ ಅವನ ಕೈ ಹೆಚ್ಚು ಮಾತಾಡುತ್ತಿತ್ತು. ಕಬ್ಬಿಣದ ತುಂಡೊಂದನ್ನು ಹೆಬ್ಬೆರಳಿನಿಂದ ಸವರಿ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದ. ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು. “ಅಕ್ಕನ್ನ ಸೋಲಿಸ್ಬೇಕಾ ವೆಂಕಟಪ್ಪಾ? ಸರಿ, ಇಂಜಿನ್ ಬಿಚ್ಚು,” ಎಂದ.

ಆ ಬೇಸಿಗೆಯ ಭಾನುವಾರಗಳು ನನ್ನ ಬದುಕಿನ ಅತ್ಯಂತ ಒಳ್ಳೆಯ ದಿನಗಳು. ಸೆಲ್ವಣ್ಣ ಇಂಜಿನ್ನಿನ ಹೆಡ್ಡನ್ನು, ಅಂದರೆ ಮೇಲಿನ ಮುಚ್ಚಳದಂಥ ಭಾಗವನ್ನು, ರಾಬರ್ಟ್‌ಸನ್‌ಪೇಟೆಯ ಒಂದು ಶೆಡ್ಡಿಗೆ ಒಯ್ದು ಅಡಿಯಿಂದ ತೆಳ್ಳನೆಯ ಒಂದು ಪದರ ಕೊರೆದು ತಂದ. ಒಳಗಿನ ಜಾಗ ಕಿರಿದಾದರೆ ಪೆಟ್ರೋಲು ಗಾಳಿ ಎರಡೂ ಇನ್ನಷ್ಟು ಒತ್ತಿಕೊಂಡು ಉರಿದು ಹೆಚ್ಚು ಬಲ ಕೊಡುತ್ತವೆ. “ಉಸ್ರು ಬಿಗಿ ಇಡ್ದು ಕೂಗ್ನೋಡ್ಲಾ ಸೀನ, ಎಂಗ್ ಜೋರಾಗ್ ಬತ್ತೈತೆ. ಇದೂ ಅಂಗೇ,” ಎಂದು ಮಾವ ವಿವರಿಸಿದ. ಕೊರೆದ ಮೇಲೆ ಅದು ಕನ್ನಡಿಯಂತೆ ಸಮತಟ್ಟಾಗಿರಬೇಕು. ಅದಕ್ಕೆ ಸೆಲ್ವಣ್ಣ ದಪ್ಪ ಗಾಜಿನ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ, ಹೆಡ್ಡನ್ನು ಅದರ ಮೇಲಿಟ್ಟು ಮೆಲ್ಲಗೆ ಉಜ್ಜುತ್ತಿದ್ದ. ಎತ್ತಿದಾಗ ಉಬ್ಬಿದ ಕಡೆಯೆಲ್ಲ ಕೆಂಪು ಅಂಟಿರುತ್ತಿತ್ತು. ಆ ಕೆಂಪನ್ನಷ್ಟೇ ಉಳಿಯಂಥ ಸಣ್ಣ ಹತಾರದಿಂದ ಹೆರೆಯುತ್ತಿದ್ದ. ಮತ್ತೆ ಕುಂಕುಮ, ಮತ್ತೆ ಉಜ್ಜುವುದು, ಮತ್ತೆ ಹೆರೆಯುವುದು. ಕುಂಕುಮ ಅತ್ತೆಯ ಭರಣಿಯದು. “ದೇವ್ರ ಕುಂಕುಮ ಕಬ್ಬಿಣಕ್ಕೆ ಬಳೀತೀರಲ್ಲ, ಕಣ್ಣು ಒಂಟೋದಾವು!” ಎಂದು ಆಕೆ ಕೂಗಿದರೆ, ಸೆಲ್ವಣ್ಣ ತಲೆ ಎತ್ತದೆ, “ಇದೂ ಪೂಜೆನೇ ಅಕ್ಕಾ. ಮಂಗಳಾರತಿ ನೀವು ಆಗ್ಲೇ ಮಾಡ್ತಾ ಇದ್ದೀರ,” ಎನ್ನುತ್ತಿದ್ದ.

ಆದರೂ ಕೊನೆಗೆ ಅತ್ತೆಯೂ ಅಂಗಳಕ್ಕಿಳಿದಳು. ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವುಗಳನ್ನು ಅವುಗಳ ಕುಳಿಯಲ್ಲಿ ಕೂರುವಂತೆ ಅರೆಯಲು, ತುದಿಗೆ ರಬ್ಬರಿನ ಬಟ್ಟಲಿರುವ ಕೋಲೊಂದನ್ನು ಎರಡು ಅಂಗೈಗಳ ನಡುವೆ ಹಿಂದೆ ಮುಂದೆ ಉರುಳಿಸಬೇಕು. ಮಾವನ ಅವಸರ ನೋಡಲಾರದೆ ಅತ್ತೆ ಕೋಲು ಕಿತ್ತುಕೊಂಡು, ಮಜ್ಜಿಗೆ ಕಡೆಯುವ ಲಯದಲ್ಲಿ, ಒಂದೇ ಸಮನೆ ಅರೆದಳು. ತನ್ನ ಸೋಲಿಗೆ ತಾನೇ ಕೈಹಚ್ಚುತ್ತಿದ್ದೇನೆಂದು ಆಕೆಗೆ ಗೊತ್ತಿತ್ತು. ಗಾಳಿ ಪೆಟ್ರೋಲು ಒಳಹೋಗುವ ದಾರಿಗಳನ್ನು ಎಮೆರಿ ಕಾಗದದಿಂದ ನುಣುಪು ಮಾಡುವುದು ನನ್ನ ಪಾಲಿಗೆ ಬಂತು, ಏಕೆಂದರೆ ಆ ತೂತಿನೊಳಗೆ ಹೋಗುವ ಬೆರಳು ಮನೆಯಲ್ಲಿ ನನ್ನದೊಂದೇ. ಜೊತೆಗೆ ವಾರಕ್ಕೊಮ್ಮೆ ಗಾಳಿ ಸೋಸುವ ಡಬ್ಬಿ ತೊಳೆಯುವ ಕೆಲಸ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಮೇಲೆ ಕೂರುವ ತಗಡಿನ ಡಬ್ಬಿ, ಅದರೊಳಗೆ ಎಣ್ಣೆಯಲ್ಲಿ ನೆಂದ ತಂತಿಬಲೆ. ಧೂಳೆಲ್ಲ ಆ ಬಲೆಗೆ ಅಂಟಿ, ಶುದ್ಧ ಗಾಳಿ ಒಳಹೋಗುತ್ತಿತ್ತು.

ಇಲ್ಲಿಂದ ಮುಂದಿನದನ್ನು ನಾನು ಇಷ್ಟು ವರ್ಷ ಬರೆದಿರಲಿಲ್ಲ. ಇಂಜಿನ್ ಕೂಡಿಸಿದ ಮೇಲೂ ಎರಡು ಭಾನುವಾರ ರೈಲೇ ಗೆದ್ದಿತು, ಕೂದಲೆಳೆಯಷ್ಟರಲ್ಲಿ. “ಇನ್ನೊಂಚೂರು ಗಾಳಿ ಸಿಕ್ಕಿದ್ರೆ ಸಾಕಾಗಿತ್ತು,” ಎಂದು ಮಾವ ಪೇಚಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಮರುವಾರ ಡಬ್ಬಿ ತೊಳೆಯುವಾಗ ತಂತಿಬಲೆಯನ್ನು ತೆಗೆದು ಒಟ್ಟಿದ್ದ ಸೌದೆಯ ಹಿಂದೆ ಬಚ್ಚಿಟ್ಟು, ಖಾಲಿ ಡಬ್ಬಿಯನ್ನೇ ಮುಚ್ಚಿ ತಿರುಪು ಬಿಗಿದೆ. ಯಾರಿಗೂ ಹೇಳಲಿಲ್ಲ. ಆ ಭಾನುವಾರ ಕಾರಿನ ದನಿಯೇ ಬೇರೆಯಾಗಿತ್ತು. ಉರಿಗಾಂ ಸ್ಟೇಷನ್ನಿನಲ್ಲಿ ಮಾವ, ನಾನು, ಅಂದು ಕಾರಿನಲ್ಲಿ ಜೊತೆಗೆ ಬಂದಿದ್ದ ಸೆಲ್ವಣ್ಣ, ಮೂವರೂ ಸಾಲಾಗಿ ನಿಂತ ಮೇಲೆ, ಹೊಗೆ ಬಿಡುತ್ತ ರೈಲು ಬಂತು. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ನಮ್ಮನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. “ವಾಂಗ ಅಕ್ಕಾ, ವಾಂಗ!” ಎಂದು ಸೆಲ್ವಣ್ಣ ಸೊಂಟ ಬಗ್ಗಿಸಿ ಸ್ವಾಗತಿಸಿದ. ಮಾವ ಬುಟ್ಟಿ ಇಳಿಸಿಕೊಂಡು, ಎಲ್ಲರೆದುರಿಗೆ ಸೆಲ್ವಣ್ಣನ ಬಲಗೈಯನ್ನು ತನ್ನ ಕಣ್ಣಿಗೊತ್ತಿಕೊಂಡ. ಆ ಗೆಲುವಿನ ಗುಟ್ಟು ನನಗೊಬ್ಬನಿಗೇ ಗೊತ್ತೆಂದು ನಾನು ಒಳಗೊಳಗೇ ಉಬ್ಬಿದೆ.

ಆಷಾಢ ಬಂತು. ಕೆಜಿಎಫ್‌ನಲ್ಲಿ ಆಷಾಢದ ಗಾಳಿಯೆಂದರೆ ಸಯನೈಡ್ ದಿಬ್ಬಗಳ ಧೂಳು. ಚಿನ್ನ ತೆಗೆದುಳಿದ ಕಲ್ಲುಪುಡಿಯನ್ನು ಗುಡ್ಡದಂತೆ ಸುರಿದದ್ದು, ಹಿಟ್ಟಿನಷ್ಟು ನಯ, ಅನ್ನದ ತಟ್ಟೆಯಲ್ಲೂ ಹಲ್ಲಿಗೆ ಸಿಗುತ್ತಿತ್ತು. ಅತ್ತೆ ನೀರಿನ ಕೊಡಕ್ಕೆ ಎರಡು ಮಡಿಕೆ ಬಟ್ಟೆ ಕಟ್ಟುತ್ತಿದ್ದಳು. ಅದನ್ನು ದಿನವೂ ನೋಡುತ್ತಿದ್ದ ನನಗೆ, ಕಾರು ಬರಿಬಾಯಲ್ಲಿ ಅದೇ ಗಾಳಿ ಕುಡಿಯುತ್ತಿದೆ ಎಂದು ಹೊಳೆಯಲಿಲ್ಲ. ಹೊಳೆಯಿತೇನೋ, ಗೆಲುವಿನ ಆಸೆಗೆ ಸುಮ್ಮನಿದ್ದೆನೇನೋ. ಕೆಲವು ವಾರಗಳಲ್ಲಿ ಕಾರು ನೀಲಿ ಹೊಗೆ ಬಿಡತೊಡಗಿತು, ಎಣ್ಣೆ ಕುಡಿಯತೊಡಗಿತು. ಆಮೇಲೆ ಸಮತಟ್ಟಿನಲ್ಲೂ ನಿಂತುಹೋಯಿತು. ಬಿಚ್ಚಿದಾಗ ಸಿಲಿಂಡರುಗಳ ಒಳಮೈ ತುಂಬ ಗೀರು, ಅವುಗಳೊಳಗೆ ಓಡಾಡುವ ಪಿಸ್ಟನ್ನಿನ ರಿಂಗುಗಳು ಸವೆದು ತಗಡಾಗಿದ್ದವು.

“ನೀನು ಎಡ್ಡು ಜಾಸ್ತಿ ಕೊರ್ದ್ಬಿಟ್ಟೆ ಸೆಲ್ವಾ. ಒತ್ತಡ ತಡೀನಿಲ್ಲ,” ಎಂದ ಮಾವ.

“ನನ್ ಕೈ ತಪ್ಪಲ್ಲ ವೆಂಕಟಪ್ಪಾ. ಇದು ಧೂಳು ತಿಂದಿರೋ ಲಕ್ಷಣ. ಆ ಡಬ್ಬಿ ಬಿಚ್ಚಿ ನೋಡ್ಬೇಕು.”

ಅಷ್ಟರಲ್ಲಿ ಗಣಿಯಲ್ಲಿ ಪಾಳಿ ಬದಲಾಗುವ ಸೈರನ್ನು ಕೇಳಿ ಇಬ್ಬರೂ ಕೆಲಸಕ್ಕೆ ಹೋದರು. ಡಬ್ಬಿ ಮರುದಿನಕ್ಕೆ ಉಳಿಯಿತು. ನಾನು ಸೌದೆಯ ಹಿಂದಿನಿಂದ ತಂತಿಬಲೆ ತೆಗೆದೆ, ಎಣ್ಣೆಯಲ್ಲಿ ಅದ್ದಿದೆ. ತೀರಾ ಶುಭ್ರವಾಗಿ ಕಂಡರೆ ಅನುಮಾನ ಬಂದೀತೆಂದು ಅಂಗಳದ ಧೂಳನ್ನು ಬೆರಳಲ್ಲಿ ಸವರಿ, ಡಬ್ಬಿಯೊಳಗಿಟ್ಟು ಮುಚ್ಚಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಆ ಅಂಗಳದಲ್ಲಿ ಬೇರೆ ಯಾವತ್ತೂ ಮಾಡಿರಲಿಲ್ಲ.

ಮರುದಿನ ಮಾವನೇ ಮುಚ್ಚಳ ತೆಗೆದ. ಬಲೆ ತನ್ನ ಜಾಗದಲ್ಲಿತ್ತು, ಎಣ್ಣೆಯಿತ್ತು, ಎಷ್ಟು ಬೇಕೋ ಅಷ್ಟೇ ಕೊಳೆಯಿತ್ತು. “ನೋಡಪ್ಪ,” ಎಂದ. ಸೆಲ್ವಣ್ಣ ತುಂಬ ಹೊತ್ತು ನೋಡಿದ. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡ. “ಇನ್ನೊಬ್ರ ಕೆಲ್ಸ ಆಗಿದ್ರೆ ಬೈತಿದ್ದೆ. ನೀನಾಗೋದೆ,” ಎಂದು ಮಾವ ಹೇಳಿದ್ದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಸೆಲ್ವಣ್ಣ ಹತಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅತ್ತೆ ಇಟ್ಟ ಕಾಫಿಯನ್ನು ಮುಟ್ಟದೆ ಹೊರಟುಹೋದ. ಆ ಮೇಲೆ ಭಾನುವಾರಗಳಿಗೆ ಒಂದೇ ವಾಸನೆ ಉಳಿಯಿತು. ಒಂದೇ ಪಾಳಿಗೆ ಹೋಗುವ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಕಾರು ತಗಡಿನಡಿ ತುಕ್ಕು ಹಿಡಿದು, ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಟ್ಟವು. ಮಾವ ಅದನ್ನು ಮಾರಲೂ ಇಲ್ಲ, ಮತ್ತೆ ಬಿಚ್ಚಲೂ ಇಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದೆ.

ತೊಂಬತ್ತರ ದಶಕದಲ್ಲಿ ಮಾವ ತೀರಿಕೊಂಡಾಗ ಸೆಲ್ವಣ್ಣ ಬಂದ. ಬೆನ್ನು ಬಾಗಿತ್ತು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ನನ್ನ ಪಕ್ಕ ಕೂತು, ಸಲಹೆ ಕೇಳುವವನಂತೆ ಕೇಳಿದ: “ಸೀನಾ, ನೀನೂ ಅಲ್ಲೇ ಇದ್ಯಲ್ಲ. ಎಷ್ಟು ಕೊರ್ದೆ ಅಂತ ನಂಗೆ ಇವತ್ತಿಗೂ ಗ್ಯಾಪ್ಕ ಐತೆ. ಜಾಸ್ತಿ ಆಗಿತ್ತಾ? ಅವತ್ತಿಂದ ಹೆಬ್ಬೆರಳು ನಂಬೋದು ಬಿಟ್ಟೆ. ಮೂರ್ಮೂರು ಸಲ ಅಳೀತಿದ್ದೆ. ಜೊತೆಯವ್ರು ನಗ್ತಾ ಇದ್ರು.” ಎರಡು ಅಂಗೈಗಳನ್ನು ಮುಂದೆ ಚಾಚಿದ್ದ. ನನಗೆ ಆಗ ಹೆಂಡತಿ ಮಕ್ಕಳಿದ್ದರು, ನಾಲ್ಕು ಜನರ ನಡುವೆ ಮರ್ಯಾದೆಯಿತ್ತು, ಹೆದರಲು ಮಾವನೂ ಇರಲಿಲ್ಲ. “ಗೊತ್ತಿಲ್ಲ ಸೆಲ್ವಣ್ಣ,” ಎಂದೆ. ಹುಡುಗನಾಗಿ ಮಾಡಿದ್ದನ್ನು ದೇವರು ಮನ್ನಿಸಿಯಾನು. ಈ ಎರಡು ಪದಗಳನ್ನು ಮನ್ನಿಸು ಎಂದು ಕೇಳಲು ನನಗೆ ಬಾಯಿಲ್ಲ.

ವರ್ಷ ಕಳೆದು, ತಡೆಯಲಾರದೆ ಅತ್ತೆಯ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದ ಆಕೆಯ ಕೈ ನಿಂತಿತು. “ನಂಗ್ಯಾಕ್ಲಾ ಏಳ್ತೀಯ? ಅವ್ನ ಮನೆ ಎಲ್ಲೈತೆ ಅಂತ ಗೊತ್ತಿಲ್ವಾ? ಎದ್ದೋಗ್ಲಾ,” ಎಂದಳು. ಮುಖ ತಿರುಗಿಸಿಕೊಂಡು ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಅಂದೇ ಚಾಂಪಿಯನ್ ರೀಫ್ಸ್‌ಗೆ ನಡೆದೆ. ಬಾಗಿಲು ತೆರೆದವರು ಸೆಲ್ವಣ್ಣನ ಹೆಂಡತಿ. ಗೋಡೆಯ ಮೇಲೆ ಅವನ ಫೋಟೋ, ಹಾಕಿದ್ದ ಹಾರ ಆಗಲೇ ಒಣಗಿತ್ತು. ಅವನು ತೀರಿಕೊಂಡು ಹದಿನೈದು ದಿನವಾಯಿತಂತೆ. ನಮ್ಮ ಕಡೆಗೆ ಸುದ್ದಿ ಮುಟ್ಟಿರಲಿಲ್ಲ. ನಾನು ನಿಂತಲ್ಲೇ ಎಲ್ಲ ಹೇಳಿದೆ, ಡಬ್ಬಿ, ಬಲೆ, ಧೂಳು. ಅವರಿಗೆ ಇಂಜಿನ್ನಿನ ವಿಷಯ ಅರ್ಥವಾಗಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: “ಅಂದ್ರೆ, ಅವರ ಕೈ ಸರಿ ಇತ್ತಾಪ್ಪಾ?”

“ಸರಿ ಇತ್ತಮ್ಮಾ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.”

ಆಕೆ ನನ್ನ ತೋಳು ಹಿಡಿದು ಫೋಟೋದ ಮುಂದೆ ತಂದು ನಿಲ್ಲಿಸಿದರು. “ಇನ್ನೊಂದು ಸಲ ಏಳಪ್ಪಾ,” ಎಂದರು. “ಜೋರಾಗಿ ಏಳು. ಮಿಷಿನ್ ಸದ್ದಿಗೆ ಅವರ ಕಿವಿ ಮಂದ ಆಗಿತ್ತು.”

ನಾನು ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು. ಆಕೆ ಫೋಟೋದ ಕಡೆ ಒಮ್ಮೆ ತಲೆಯಾಡಿಸಿ, ಸೆರಗಿನಿಂದ ಅದರ ಗಾಜನ್ನು ಒರೆಸಿದರು.