ಟವೆಲ್ ಮೇಲಿನ ಎರಡು ಡಬ್ಬಿ

ಎರಡು ವರ್ಷದ ಹಿಂದಿನ ಮಾತು. ಬಸವನ ಬಾಗೇವಾಡಿಯ ಒಂದು ಶಾಲೆಯಲ್ಲಿ ಬಸ್ ತೊಳೆಯುವ ಕೆಲಸ ನನ್ನದು. ಈಗಲೂ ಅದೇ. ಓದಿದ್ದು ಮೂರನೇ ಇಯತ್ತೆ. ಆದರೆ ಬಸ್ಸಿನೊಳಗೆ ಯಾವುದು ಎಲ್ಲಿದೆ ಎಂಬುದು ಡ್ರೈವರ್‌ಗಿಂತ ನನಗೇ ಹೆಚ್ಚು ಗೊತ್ತು.

ಪ್ರತಿ ಬಸ್ಸಿನಲ್ಲೂ ಸ್ಟೇರಿಂಗ್ ಕೆಳಗೆ, ಡ್ರೈವರನ ಮೊಣಕಾಲಿನ ಎತ್ತರಕ್ಕೆ, ಅಂಗೈಯಷ್ಟು ಕರಿ ಡಬ್ಬಿ ಇರುತ್ತದೆ. ಜಿಪಿಎಸ್ ಅನ್ನುತ್ತಾರೆ. ಅದರ ಆಂಟೆನಾ ಉಪಗ್ರಹದ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ. ಒಳಗಿನ ಸಿಮ್ ಅದನ್ನು ಆ ಬಸ್ಸಿನ ಹೆಸರಿನಲ್ಲಿ ಮ್ಯಾನೇಜರ್ ಸಾಹೇಬರ ಮೊಬೈಲಿಗೆ ಕಳಿಸುತ್ತದೆ. ನೀರು ತಾಗಿದರೆ ಸತ್ತಿತು. ಅದಕ್ಕೇ ಒಳಗೆ ತೊಳೆಯುವ ದಿನ ಪ್ಲಗ್ ಕಿತ್ತು ಡಬ್ಬಿ ತೆಗೆದಿಡಬೇಕು, ಒಣಗಿದ ಮೇಲೆ ಹಚ್ಚಿ ಹಸಿರು ದೀಪ ನೋಡಬೇಕು. ನನಗೆ ಕಲಿಸಿದ್ದು ಇಷ್ಟು.

ಅಂದು ಅಮಾವಾಸ್ಯೆ. ಗಾಡಿ ಪೂಜೆಗೆಂದು ಗೊಳಸಂಗಿ ಊರಿಗೆ ಹೋಗುವ ಬಸ್ಸು, ಮಸೂತಿಗೆ ಹೋಗುವ ಬಸ್ಸು ಎರಡನ್ನೂ ಒಟ್ಟಿಗೇ ತೊಳೆದೆ. ಎರಡರ ಡಬ್ಬಿಯನ್ನೂ ಒಂದೇ ಟವೆಲ್ ಮೇಲೆ ಇಟ್ಟಿದ್ದೆ. ಡ್ರೈವರ್‌ಗಳು ಅವಸರ ಮಾಡಿದರು. ಹಚ್ಚಿದೆ. ಎರಡರಲ್ಲೂ ಹಸಿರು ದೀಪ. ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿಕೊಂಡು ಹೋದರು.

ಮೂರು ಗಂಟೆಗೆ ಮೋಡ ಕಟ್ಟಿತು. ಶಾಲೆ ಬಿಡುವ ಹೊತ್ತಿಗೆ ಎದುರಿನ ಗಿಡ ಕಾಣದಂಥ ಮಳೆ. ಬಸ್ ನಿಲ್ಲಿಸುವ ಶೆಡ್ಡು ಶಾಲೆಯಿಂದ ದೂರ, ಅಲ್ಲಿ ನಾನೊಬ್ಬಳೇ. ಐದೂವರೆಗೆ ಮಸೂತಿ ಬಸ್ಸು ಮಕ್ಕಳನ್ನು ಇಳಿಸಿ ಬಂತು. ಡ್ರೈವರ್ ಕೀಲಿ ಕೊಟ್ಟು ಮನೆಗೆ ಹೋದ. ಆರಾದರೂ ಗೊಳಸಂಗಿ ಬಸ್ಸಿನ ಜಾಗ ಖಾಲಿ. ಅದರ ಡ್ರೈವರ್ ಈರಪ್ಪನ ಫೋನ್ ಹತ್ತಲಿಲ್ಲ. ಸಾಹೇಬರಿಗೆ ಫೋನ್ ಹಚ್ಚಿದೆ.

“ಸಾಹೇಬ್ರ, ಗೊಳಸಂಗಿ ಬಸ್ ಇನ್ನೂ ಬಂದಿಲ್ರಿ.”

“ಏ ಆಯಿ, ಅದು ನಿಮ್ಮ ಶೆಡ್ಡಿನ್ಯಾಗ ನಿಂತೈತಿ. ಮೊಬೈಲ್‌ನ್ಯಾಗ ಕಾಣಾಕತ್ತೈತಿ. ಫೋನ್ ಮಾಡಿದ ಹುಡುಗ್ರ ಮನಿ ಮಂದಿಗೂ ಹಂಗs ಹೇಳೇನಿ, ಬಸ್ ಹೊಳ್ಳಿ ಬಂದೈತಿ, ಹುಡುಗ್ರು ಎಲ್ಲ್ಯರ ಮಳಿಗೆ ನಿಂತಿರಬೇಕು ಅಂತ. ಚಾಳೀಸು ಹಾಕ್ಕೊಂಡ ನೋಡಬೇ.”

“ಚಾಳೀಸು ನೀವು ಹಾಕ್ಕೊರಿ. ನನ್ನ ಮುಂದ ಮಸೂತಿ ಬಸ್ ಒಂದs ಐತಿ.”

ಅನ್ನುತ್ತಿದ್ದಂತೆ ಟವೆಲ್ ನೆನಪಾಯಿತು. ಹೇಳಿದರೆ ಕೆಲಸ ಹೋಗುತ್ತದೆ ಎಂಬುದೂ ಹೊಳೆಯಿತು.

“ಮುಂಜಾನೆ ಎರಡೂ ಡಬ್ಬಿ ಕಿತ್ತಾಕಿ ನಾನs. ಅದಲಬದಲ ಹಚ್ಚೇನ್ರಿ. ಮಸೂತಿ ಬಸ್ ಎಲ್ಲಿ ತೋರಸ್ತೈತಿ, ಅದನ್ನ ನೋಡ್ರಿ. ಗೊಳಸಂಗಿ ಬಸ್ ಅಲ್ಲೈತಿ.”

ಮಸೂತಿ ಬಸ್ಸನ್ನು ಯಾರೂ ಕೇಳಿರಲಿಲ್ಲ, ಸಾಹೇಬರೂ ನೋಡಿರಲಿಲ್ಲ. ಈಗ ನೋಡಿ ಸಣ್ಣ ದನಿಯಲ್ಲಿ ಹೇಳಿದರು: “ಗೊಳಸಂಗಿ ದಾರಿಯ ಹಳ್ಳದಾಗ ಐತಿ, ಆಯಿ. ಮುಕ್ಕಾಲು ತಾಸಿನಿಂದ ಅಳ್ಳಾಡಿಲ್ಲ.” ಮತ್ತೆ, “ಈಗ ಮೊಬೈಲ್‌ನ್ಯಾಗಿನ ಬಸ್ಸಿನ ಚುಕ್ಕಿ ಹೋತು.”

ಚುಕ್ಕಿ ಏಕೆ ಹೋಯಿತೆಂದು ನನಗೆ ಗೊತ್ತಿತ್ತು. ಡಬ್ಬಿಯ ಜಾಗ ನಾನು ದಿನಾ ಒರೆಸುವಂಥದು, ಮಕ್ಕಳ ಸೀಟಿನಷ್ಟೇ ಎತ್ತರ. ಡಬ್ಬಿಗೆ ನೀರು ತಾಗಿದೆ ಎಂದರೆ ಮಕ್ಕಳ ಸೀಟಿಗೂ ತಾಗಿದೆ.

“ಗೊಳಸಂಗಿ ಊರವರಿಗೆ ಹೇಳ್ರಿ. ಟ್ರ್ಯಾಕ್ಟರ್, ಹಗ್ಗ ತಗೊಂಡ ಓಡ್ರಿ ಅನ್ರಿ!”

ಹನ್ನೊಂದು ಮಕ್ಕಳು. ಸೀಟಿನ ಬೆನ್ನಿನ ಮೇಲೆ ನಿಂತಿದ್ದರಂತೆ. ಊರವರು ಒಬ್ಬೊಬ್ಬರನ್ನೇ ಕಿಟಕಿಯಿಂದ ಎತ್ತಿಕೊಂಡರು. ಎಲ್ಲರ ಕೊನೆಗೆ ಈರಪ್ಪ ಇಳಿದ. ಅವನು ದಂಡೆ ಮುಟ್ಟುವುದರೊಳಗೆ ಬಸ್ಸು ಮಗ್ಗುಲಾಯಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೂ ನಾನು ಜಗಳಕ್ಕೆ ಹೋಗುತ್ತಿರಲಿಲ್ಲ. ಡಬ್ಬಿ ಸುಳ್ಳು ಹೇಳಲಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಕೊನೆತನಕ ಸರಿಯಾಗಿಯೇ ಹೇಳಿತು. ಅದು ಯಾವ ಬಸ್ಸಿನಲ್ಲಿದೆ ಎಂಬುದು ಹಚ್ಚಿದ ಕೈಗೆ ಸೇರಿದ್ದು. ಈಗ ಒಂದು ಬಸ್ಸಿನ ಡಬ್ಬಿ ಹಚ್ಚಿ, ಮೊಬೈಲಿನಲ್ಲಿ ಯಾವ ಬಸ್ಸಿನ ಹೆಸರು ಕಾಣುತ್ತಿದೆ ಎಂದು ಸಾಹೇಬರಿಂದ ಹೇಳಿಸಿಕೊಳ್ಳದೆ ಇನ್ನೊಂದರ ಪ್ಲಗ್ ಮುಟ್ಟುವುದಿಲ್ಲ. ಅಮಾವಾಸ್ಯೆ ಇರಲಿ, ಡ್ರೈವರ್‌ಗಳು ಎಷ್ಟಾದರೂ ಬೈಯಲಿ.