ಕುಳ್ಳನಿಗೆ ಮಂತ್ರ ಬರುವುದಿಲ್ಲವಂತೆ

ಹೋದ ಭಾನುವಾರ ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಮಗಳು ಸ್ಫೂರ್ತಿ ಲ್ಯಾಪ್‌ಟಾಪ್ ತಂದು ಮುಂದಿಟ್ಟು, ‘ಅಪ್ಪ, ನೀವು ಯಾರಾಗಿ ಹುಟ್ತೀರಿ?’ ಎಂದಳು.

ನಾನು ಮೂಡಲಪಾಳ್ಯದಲ್ಲಿ ಹುಟ್ಟಿ ಅರ್ಧ ಶತಮಾನ ದಾಟಿದೆ. ಈಗ ಮತ್ತೆ ಯಾಕೆ?

ಆನ್‌ಲೈನ್ ಗೇಮ್ ಅಂತೆ. ಕೋಟೆ, ಕತ್ತಿ, ಮಂತ್ರ, ರಾಕ್ಷಸರ ಲೋಕ. ಎಲ್ಲೆಲ್ಲೋ ಕೂತ ಜನ ಒಟ್ಟಿಗೆ ಸೇರಿ ಆಡುತ್ತಾರೆ. ಸ್ಫೂರ್ತಿ ವಾರವೆಲ್ಲ ರಾಜರಾಜೇಶ್ವರಿನಗರದಲ್ಲಿ ಜನರ ಹಲ್ಲು ಕೀಳುತ್ತಾಳೆ (ಡೆಂಟಿಸ್ಟು). ಭಾನುವಾರ ಇಲ್ಲಿ ರಾಕ್ಷಸರನ್ನು ಕೊಲ್ಲುತ್ತಾಳೆ. ಯಾವತ್ತೂ ನನ್ನನ್ನು ಆಡಲು ಕರೆದವಳಲ್ಲ. ಅವತ್ತು ಯಾಕೆ ಕರೆದಳು ಎಂದು ನಾನೂ ಕೇಳಲಿಲ್ಲ.

ಮೊದಲು ರೇಸ್ ಆರಿಸಬೇಕು ಎಂದಳು. ಯಾರ ಜೊತೆ ಓಡಬೇಕು ಎಂದೆ. ಆ ರೇಸ್ ಅಲ್ಲವಂತೆ, ಕುಲವಂತೆ. ಸ್ಕ್ರೀನಿನ ಮೇಲೆ ನಾಲ್ವರು ನಿಂತಿದ್ದರು. ಮನುಷ್ಯ, ಎಲ್ಲದರಲ್ಲೂ ಸುಮಾರು. ಚೂಪು ಕಿವಿಯ ಎಲ್ಫ್, ಬಿಲ್ಲು ಬಾಣ ಚೆನ್ನಾಗಿ ಬರುತ್ತದೆ. ಉದ್ದ ಗಡ್ಡದ ಕುಳ್ಳ, ಗಟ್ಟಿಮುಟ್ಟು. ಹಸಿರು ಮೈ, ಕೋರೆಹಲ್ಲಿನ ಆರ್ಕ್, ನೋಡಿದರೇ ಭಯ. ಹುಟ್ಟುವಾಗಲೇ ಒಬ್ಬನಿಗೆ ಶಕ್ತಿ, ಇನ್ನೊಬ್ಬನಿಗೆ ಬುದ್ಧಿ ಎಂದು ಹಂಚಿಬಿಟ್ಟಿರುತ್ತಾರಂತೆ. ಯಾರು ಹಂಚಿದ್ದು? ಗೇಮ್ ಮಾಡಿದವರು.

ಅವರೆಕಾಯಿ ಸುಲಿಯುತ್ತ ಕೂತಿದ್ದ ನನ್ನ ಹೆಂಡತಿ ಸರೋಜ, ಮನುಷ್ಯರೇ ಆಗಿ, ಅದೇ ಇನ್ನೂ ಸರಿಯಾಗಿ ಬಂದಿಲ್ಲ ಎಂದಳು.

ನಾನು ಕುಳ್ಳನನ್ನು ಒತ್ತಿದೆ. ಆಮೇಲೆ ಕ್ಲಾಸ್. ಅಂದರೆ ಕಸುಬು. ಯೋಧ, ಬೇಟೆಗಾರ, ವೈದ್ಯ, ಮಂತ್ರವಾದಿ. ಮಂತ್ರವಾದಿಯನ್ನು ಒತ್ತಿದರೆ ಏನೂ ಆಗುತ್ತಿಲ್ಲ. ಅದರ ಮೇಲೊಂದು ಬೀಗದ ಚಿತ್ರ.

‘ಕುಳ್ಳಂಗೆ ಮಂತ್ರ ಇಲ್ಲಪ್ಪ.’

‘ಕಲಿತರೆ?’

‘ಕಲಿಯೋಕೇ ಆಗಲ್ಲ. ರೂಲ್ಸ್ ಹಂಗೆ.’

ನನಗೆ ನಿಜವಾಗಿಯೂ ಸಿಟ್ಟು ಬಂತು. ಯಾಕೆ ಬರಬೇಕು? ಆಗಷ್ಟೇ ಹುಟ್ಟಿದ ಕುಳ್ಳ ಅವನು. ಆದರೂ ಇದು ಅನ್ಯಾಯ ಎಂದು ಮಗಳ ಮುಂದೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಕೊಡಲಿ ಹಿಡಿದ ಯೋಧನಾದೆ.

ಕಾಡಿಗೆ ಇಳಿದೆವು. ನಾನು ಏಟು ತಿಂದು ಬೀಳುವುದು, ಒಬ್ಬ ದೈತ್ಯ ಆರ್ಕ್ ಓಡಿಬಂದು ಗಾಯ ವಾಸಿ ಮಾಡಿ ಎಬ್ಬಿಸುವುದು, ಇದೇ ಆಯಿತು. (ಆರ್ಕ್ ವೈದ್ಯನಾಗಬಹುದಂತೆ. ಅದಕ್ಕೆ ಬೀಗವಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ.) ಹೆಡ್‌ಫೋನಿನಲ್ಲಿ ಆ ಆರ್ಕ್ ಆಗಿ ಆಡುತ್ತಿದ್ದ ಹುಡುಗನ ದನಿ ಕೇಳುತ್ತಿತ್ತು. ‘ಸಾರ್, ನೀವು ನನ್ನ ಹಿಂದೆ ಇರಿ. ಗಾಬರಿ ಆಗ್ಬೇಡಿ.’ ನನಗೆ ಇಷ್ಟು ತಾಳ್ಮೆಯಿಂದ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಒಳ್ಳೆಯ ಹುಡುಗ ಕಣೇ ಎಂದು ಮಗಳಿಗೂ ಹೇಳಿದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅವನ ಹೆಸರು ಪ್ರವೀಣ, ಹೊಸಹಳ್ಳಿಯವನು, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್, ಗೇಮಿನಲ್ಲೇ ಪರಿಚಯ, ಅವನನ್ನೇ ಮದುವೆಯಾಗಬೇಕು ಎಂದು ಒಂದೇ ಉಸಿರಿಗೆ ಹೇಳಿದಳು.

ಆಗ ನನ್ನ ಬಾಯಿಂದ ಬಂದದ್ದೇನು ಗೊತ್ತೇ?

‘ಯಾವ ಜನ?’

ಸ್ಫೂರ್ತಿ ನನ್ನನ್ನೇ ನೋಡಿದಳು. ‘ನಮ್ಮೋರಲ್ಲಪ್ಪ’ ಎಂದು ಎದ್ದು ರೂಮಿಗೆ ಹೋದಳು.

ವಾರವಿಡೀ ತಲೆ ಕೆಟ್ಟಿತ್ತು. ಕುಳ್ಳನ ಪರ ವಾದ ಮಾಡಿದವನು ನಾನೇ. ಈ ಪ್ರಶ್ನೆ ಕೇಳಿದವನೂ ನಾನೇ. ಇಬ್ಬರಲ್ಲಿ ಯಾರು ನಾನು? ಅಣ್ಣನಿಗೆ ಏನು ಹೇಳಲಿ? ನಮ್ಮ ಹೊಲಗಳೆಲ್ಲ ಸೈಟುಗಳಾಗಿವೆ, ನಿಜ. ಆದರೆ ನೆಂಟರೆಲ್ಲ ಇನ್ನೂ ಇದೇ ಬೀದಿಯಲ್ಲಿದ್ದಾರೆ. ಸರೋಜಳನ್ನು ಕೇಳಿದರೆ, ಹುಡುಗನನ್ನು ನೋಡದೆ ಏನೂ ಹೇಳುವುದಿಲ್ಲ ಎಂದಳು. ಸರಿ, ನಾನೇ ಫೋನ್ ಮಾಡಿ ಮನೆಗೆ ಕರೆದೆ.

ನಿನ್ನೆ ಸಂಜೆ ಬಂದ. ಸಣಕಲು ಮೈ, ಕನ್ನಡಕ. ಕಾಫಿ ಕುಡಿದು ಲೋಟವನ್ನು ತಾನೇ ಒಳಗಿಟ್ಟು ಬಂದ. ಸರೋಜ ನನ್ನತ್ತ ನೋಡಿ ಆಗಬಹುದು ಎಂಬಂತೆ ತಲೆಯಾಡಿಸಿದಳು. ದೊಡ್ಡ ಮನಸ್ಸು ಮಾಡಿದವನ ಹಾಗೆ, ನಮ್ಮ ಕಡೆಯಿಂದ ಅಡ್ಡಿಯಿಲ್ಲ ಎಂದು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅವನೇ ತಲೆ ತಗ್ಗಿಸಿ ಹೇಳಿದ. ‘ಸಾರ್, ನಮ್ಮಮ್ಮ ಇನ್ನೂ ಒಪ್ಪಿಲ್ಲ. ನಿಮ್ಮ ಜನದ ಹುಡುಗಿ ಬೇಡ ಅಂತಿದಾರೆ.’

ನಮ್ಮನ್ನೂ ಬೇಡ ಎನ್ನುವವರು ಇರಬಹುದು ಎಂದು ಇಷ್ಟು ವರ್ಷ ನನಗೆ ಯಾಕೆ ಹೊಳೆಯಲೇ ಇಲ್ಲ?