ಚಿಗವ್ವನ ತೋರುಬೆರಳು ಮತ್ತು ಐದು ಊರಿನ ಜಪಾನು

ಐದು ಊರು, ಹನ್ನೊಂದು ದಿನ. ಟೋಕಿಯೋ, ಕನಝಾವಾ, ಕ್ಯೋಟೋ, ನಾರಾ, ಒಸಾಕಾ. ಯುಗಾದಿಯ ಆಸುಪಾಸಿನಲ್ಲಿ ಹೊರಡುವುದು, ಚೆರ್ರಿ ಹೂವು ಉದುರುವಷ್ಟರಲ್ಲಿ ವಾಪಸ್. ಒಂದೊಂದು ಊರಿಗೆ ಒಂದೊಂದು ಬಣ್ಣ ಕೊಟ್ಟು ನಾನು ಮಾಡಿದ್ದ ಪ್ಲ್ಯಾನ್ ಶೀಟ್ ಎಷ್ಟು ಚಂದ ಇತ್ತೆಂದರೆ, ಅದನ್ನು ಮುಗಿಸುವ ಹೊತ್ತಿಗೇ ಪ್ರವಾಸ ಮಾಡಿ ಬಂದಷ್ಟು ಸುಸ್ತಾಗಿತ್ತು.

ದೀಪಾವಳಿ ಮುಗಿದ ಮೇಲಿನ ಭಾನುವಾರ ಅದನ್ನು ಚಿಗವ್ವನ ಮುಂದೆ ಹರಡಿದೆ.

"ಹನ್ನೊಂದು ದಿನದಾಗ ಐದು ಊರಾ? ನಿನಗೇನು ಕಂಡಕ್ಟರ್ ನೌಕರಿ ಸಿಕ್ಕೈತೇನು ಅಲ್ಲಿ?"

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಇರುವುದು ತೆಲುಗು ಸೀಮೆಯ ಗದ್ವಾಲದಲ್ಲಿ. ಮನೆಯಲ್ಲಿ ಒಂದು ಮಗ್ಗ. ಕಾಕಾ ನೇಯುತ್ತಾರೆ, ಮಿಕ್ಕಿದ್ದನ್ನೆಲ್ಲ ಆಕೆ ಮಾಡುತ್ತಾಳೆ. (ಈ 'ಮಿಕ್ಕಿದ್ದು' ಎಷ್ಟೆಂದು ನನಗೂ ಗೊತ್ತಿರಲಿಲ್ಲ. ಆ ವಿಷಯಕ್ಕೆ ಬರುತ್ತೇನೆ.) ನನ್ನ ಜೊತೆ ಜಪಾನಿಗೆ ಬರಲು ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಅವ್ವನಿಗೆ ವಿಮಾನವೆಂದರೆ ಭಯ. ತಮ್ಮನಿಗೆ ನಾನೆಂದರೆ ಭಯ. ಚಿಗವ್ವ ಮಾತ್ರ ಫೋನಿನಲ್ಲಿ ಒಂದೇ ಮಾತಿಗೆ "ಬರತೀನಿ" ಅಂದಿದ್ದಳು. ಅದಕ್ಕೇ ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಶೀಟನ್ನು ಸುರುಳಿ ಸುತ್ತಿಕೊಂಡು ಗದ್ವಾಲಕ್ಕೆ ಹೋಗಿದ್ದೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದವಳು ನಾನು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಹೂವು ಒಂದೊಂದು ಊರಿನಲ್ಲಿ ಒಂದೊಂದು ದಿನ ಅರಳುತ್ತದೆ, ನಾವು ಅದರ ಹಿಂದೆ ಹೋಗಬೇಕು ಎಂದು ವಾದಿಸಿದೆ. ಹೂವು ನೋಡಾಕ ಓಡಬೇಕೇನು ಎಂದು ಆಕೆ ಕೇಳಿದಳು. ಚಹಾ ಕುಡಿಯುವ ಪದ್ಧತಿ ಒಂದು ತಾಸು, ಕಿಮೋನೋ ಉಡುವುದು ಅರ್ಧ ದಿನ ಎಂದು ಓದಿದೆ. ಒಂದು ತಾಸು ಚಹಾ ಕುಡಿಯೋದು ಚಲೋ ಐತಿ, ನಿಮ್ಮ ಕಾಕಾ ದಿನಾ ಮಾಡತಾರ ಅಂದಳು.

ಮಗ್ಗದ ಮೇಲಿದ್ದ ಕಾಕಾ ತಲೆ ಎತ್ತಲಿಲ್ಲ. "ವಕೀಲ್ ಸಾಬ್, ನಿಮ್ಮ ಕೇಸು ಬಿದ್ದಂಗ ಕಾಣತೈತಿ" ಎಂದಷ್ಟೇ ಹೇಳಿದರು.

ಕೊನೆಗೆ ನನ್ನ ತುರುಪಿನೆಲೆ ತೆಗೆದೆ. ಕ್ಯೋಟೋ: ಸಾಂಪ್ರದಾಯಿಕ ಮಗ್ಗದ ಅನುಭವ, ನಲವತ್ತೈದು ನಿಮಿಷ. ನಾವೇ ಕೂತು ನೇಯಬಹುದು, ಅಂಗೈ ಅಗಲದ ಬಟ್ಟೆಯನ್ನು ಮನೆಗೂ ತರಬಹುದು.

ಚಿಗವ್ವ ನಗಲಿಲ್ಲ. "ಹಾಸು ಯಾರು ಕೆಚ್ಚಿರತಾರ?" ಅಂದಳು.

ಕೆಚ್ಚುವುದು ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಹಾಸು ಮುಗಿದಾಗ ಹಳೆಯ ತುದಿಯನ್ನು ಕಿತ್ತು ಎಸೆಯುವುದಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಸೇರಿಸಿ, ಬೂದಿ ಹಚ್ಚಿದ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಸಾವಿರಾರು ಎಳೆ. ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ರೇಷ್ಮೆ ಜಾರುತ್ತದೆ, ಬೆರಳನ್ನು ಇನ್ನಷ್ಟು ಒತ್ತಬೇಕು. ಚಿಗವ್ವ ತನ್ನ ಮಗ್ಗದ ಜೊತೆ ಓಣಿಯ ಇನ್ನೆರಡು ಮಗ್ಗಗಳಿಗೂ ಕೆಚ್ಚುತ್ತಾಳೆ. ನೇಯುವವರ ಫೋಟೋ ತೆಗೆಯಲು ಎಷ್ಟೋ ಜನ ಬರುತ್ತಾರೆ. ಕೆಚ್ಚುವವಳ ಫೋಟೋ ಒಂದಾದರೂ ನೋಡಿದ್ದೀರಾ?

ಕ್ಯೋಟೋದ ಮಗ್ಗದ ವಿಡಿಯೋ ಹಾಕಿ ಕೊಟ್ಟೆ. ಆಕೆ ಅದನ್ನು ಮೂರು ಸಲ ನೋಡಿದಳು. ಲಾಳಿ ಓಡುತ್ತದೆ, ಬಣ್ಣ ಏರುತ್ತದೆ, ಹಿನ್ನೆಲೆಯಲ್ಲಿ ಕೊಳಲು.

"ಹಿಂದ ತೋರಸು."

"ಕ್ಯಾಮೆರಾ ಮಗ್ಗದ ಹಿಂದೆ ಹೋಗಿಲ್ಲ ಚಿಗವ್ವ. ಮುಂದಿನಿಂದಷ್ಟೇ ತೆಗೆದಾರ."

"ಹಂಗಾರ ನಾನ ಹೋಗಿ ನೋಡತೀನಿ. ಅಲ್ಲಿ ಕೆಚ್ಚಾಕಿ ಯಾರದಾಳ, ಆಕೀನ್ನ ನೋಡಬೇಕು."

ಐದು ಬಣ್ಣದ ನನ್ನ ಶೀಟಿನಲ್ಲಿ ಇಲ್ಲದಿದ್ದದ್ದು ಇದು: ಹೋಗುವುದಕ್ಕೊಂದು ಕಾರಣ. ನನ್ನ ಹತ್ತಿರ ಬರೀ ಊರುಗಳಿದ್ದವು.

ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಎಲ್ಲ ಗೊತ್ತಿದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ, ಜಪಾನಿನ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಎರಡೂ ಕೈಯ ತೋರುಬೆರಳನ್ನು ಮಷೀನಿನ ಮೇಲೆ ಇಡಬೇಕಾಗುತ್ತದೆ ಎಂದುಬಿಟ್ಟೆ.

ಚಿಗವ್ವ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ಮತ್ತ ನಾ ಬರಾಂಗಿಲ್ಲ. ನೀ ಹೋಗಿ ಬಾ."

ಯಾಕೆಂದು ಕೇಳಿದ್ದಕ್ಕೆ ಬಲಗೈ ಚಾಚಿದಳು. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ನದಿಯಲ್ಲಿ ಉರುಳಿದ ಕಲ್ಲಿನಂತೆ ನುಣ್ಣಗಿದ್ದವು. ಒಂದು ಗೆರೆ ಇಲ್ಲ. ರೇಷನ್ ಅಂಗಡಿಯ ಮಷೀನಿಗೆ ಈ ಎರಡು ಬೆರಳು ಕಾಣುವುದೇ ಇಲ್ಲವಂತೆ. ಕಿರುಬೆರಳು ಇಟ್ಟು ಅಕ್ಕಿ ತರುತ್ತಾಳೆ.

"ಅಲ್ಲೂ ಕಿರುಬೆರಳು ಇಡಬಹುದು. ಅವರೇನು ದಡ್ಡರಾ?" ಅಂದೆ.

"ಇಡಬಹುದು ಅಂದ್ರ? ಗ್ಯಾರಂಟಿ ಐತೇನು?"

ಗ್ಯಾರಂಟಿ ಇರಲಿಲ್ಲ. ಗ್ಯಾರಂಟಿ ಇಲ್ಲದ್ದನ್ನು ವೇದಿಕೆಯ ಮೇಲೆ ಜೋರಾಗಿ ಹೇಳಿ ಕಪ್ ಗೆದ್ದಿದ್ದೇನೆ. ಚಿಗವ್ವನ ಮುಂದೆ ಆಗಲಿಲ್ಲ.

"ಅಷ್ಟು ದೂರ ಹೋಗಿ ನಿಂತಾಗ, ಈಕಿ ಈಕಿನ ಅಲ್ಲ ಅಂದ್ರ ಏನ್ ಮಾಡೂಣು? ಆ ಮಂದಿ ಮುಂದ ನಾ ಯಾರು ಅಂತ ಹೇಳಲಿ?"

ಈಗ ನನ್ನ ಒಳಗಿನ ವಕೀಲೆ ಎದ್ದು ಕೂತಳು. ಸ್ವಾಮಿ, ಇದು ಯಾವ ನ್ಯಾಯ? ಸಾಂಪ್ರದಾಯಿಕ ಸಂಸ್ಕೃತಿ ನೋಡಲು ಜಗತ್ತೆಲ್ಲ ಹೊರಟಿದೆ. ಆ ಸಂಪ್ರದಾಯವನ್ನು ಬೆರಳ ತುದಿಯಲ್ಲಿ ಹಿಡಿದವಳಿಗೆ ಅದನ್ನು ಹಿಡಿದ ಕಾರಣಕ್ಕೇ ಬೆರಳು ಇಲ್ಲ. ನಲವತ್ತೈದು ನಿಮಿಷ ಮಗ್ಗದ ಮೇಲೆ ಕೂತು ಏಳುವ ನನ್ನಂಥವಳ ಬೆರಳು ಮಾತ್ರ ಗೆರೆ ಗೆರೆಯಾಗಿ ಸ್ಪಷ್ಟ.

(ಊರಲ್ಲೇ ಮಗ್ಗ ಇರುವಾಗ ಜಪಾನೇಕೆ ಎಂದು ಪತ್ರ ಬರೆಯಲು ಪೆನ್ನು ಹುಡುಕುತ್ತಿರುವವರೇ, ಸ್ವಲ್ಪ ತಾಳಿ. ನೀವು ಈ ಊರಿನ ಮಗ್ಗವನ್ನೂ ನೋಡಿಲ್ಲ ಎಂದು ನನ್ನ ಗುಮಾನಿ. ಹುಟ್ಟಿದಾಗಿನಿಂದ ಮಗ್ಗ ನೋಡಿದವಳೇ ಇನ್ನೊಂದು ನೋಡಬೇಕು ಅನ್ನುತ್ತಿದ್ದಾಳೆ.)

ವಾರವಿಡೀ ಹತ್ತು ಜನರನ್ನು ಕೇಳಿದೆ. ಗೊತ್ತಿದ್ದ ಡಾಕ್ಟರೊಬ್ಬರು ಹೇಳಿದರು: ಉಜ್ಜುವುದು ನಿಲ್ಲಿಸಿ, ರಾತ್ರಿ ಎಣ್ಣೆ ಹಚ್ಚಿ, ಎರಡು ಮೂರು ತಿಂಗಳು ನೋಡಿ, ಗೆರೆ ಮೂಡಿದರೂ ಮೂಡಬಹುದು. ಮುಂದಿನ ಭಾನುವಾರ ಈ 'ಬಹುದು' ಹೊತ್ತುಕೊಂಡು ಮತ್ತೆ ಗದ್ವಾಲಕ್ಕೆ ಹೋದೆ.

ಚಿಗವ್ವ ಪೂರ್ತಿ ಕೇಳಿಸಿಕೊಂಡಳು. "ಮದವಿ ಸೀರಿ ಕಾಲ ಬರಾಕತ್ತೈತಿ. ಓಣ್ಯಾಗಿನ ಎರಡು ಮಗ್ಗ ಮೂಲಿಮನಿ ಅಕ್ಕಗ ಹೇಳತೀನಿ. ನಮ್ಮ ಮಗ್ಗ? ಯಾರು ಕೆಚ್ಚತಾರ?"

ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ನೀ ಕೆಚ್ಚು."

ಕಾಕಾ ಲಾಳಿ ನಿಲ್ಲಿಸಿ ನಕ್ಕರು. "ಬಟ್ಟೆಯೆಲ್ಲ ಅಡ್ಡಾದಿಡ್ಡಿ ಆದೀತು. ವಾದ ಮಾಡಿದಷ್ಟು ಸಸಾರ ಅಲ್ಲ ಅದು ವಕೀಲ್ ಸಾಬ್."

ಅಲ್ಲವೇ ಅಲ್ಲ. ಮೊದಲ ಹಾಸು ಕೆಚ್ಚಲು ನನಗೆ ನಾಲ್ಕು ರಜಾದಿನ ಹಿಡಿಯಿತು. ಚಿಗವ್ವ ಕೆಚ್ಚುತ್ತಾ ಕೂತರೆ ಪಕ್ಕದ ಮನೆಯವರ ಜೊತೆ ಮಾತಾಡುತ್ತಾಳೆ, ಹಾಲು ಉಕ್ಕುವುದನ್ನೂ ನೋಡುತ್ತಾಳೆ. ನಾನು ಉಸಿರು ಬಿಗಿಹಿಡಿದು ಕೂತಿದ್ದರೂ ಒಂದು ಎಳೆಯನ್ನು ಅದರ ಜೋಡಿಯನ್ನು ಬಿಟ್ಟು ಪಕ್ಕದ್ದಕ್ಕೆ ಹೊಸೆದಿದ್ದೆ. ಅಲ್ಲಿಂದ ಮುಂದಿನವೆಲ್ಲ ಒಂದೊಂದು ಸರಿದು ಹೋಗಿದ್ದವು. ಬಿಚ್ಚಿ ಮತ್ತೆ ಮೊದಲಿಂದ. ಇದರಲ್ಲಿ ಪರವೂ ಇಲ್ಲ, ವಿರೋಧವೂ ಇಲ್ಲ. ಎಳೆ ಕೂಡಿದರೆ ಕೂಡಿತು, ಇಲ್ಲವಾದರೆ ಇಲ್ಲ.

ಚಿಗವ್ವನಿಗೆ ಇನ್ನೂ ಕಷ್ಟ. ಮುಟ್ಟುವಂತಿಲ್ಲ. ನನ್ನ ಹಿಂದೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಯಿಂದಲೇ ಕೆಚ್ಚಿಸುತ್ತಿದ್ದಳು. "ಒತ್ತಬ್ಯಾಡ, ಹೊಸಿ. ಹಲ್ಲು ಯಾಕ ಕಡೀತಿ? ಹಲ್ಲಿಲೆ ಕೆಚ್ಚತೀಯೇನು?" ಒಂದು ಶನಿವಾರ ಮಧ್ಯಾಹ್ನ ಹೇಳದೆ ಹೋದೆ. ಮೂಲೆಮನೆಯಲ್ಲಿದ್ದಳು. ಬೆರಳ ತುದಿಯಲ್ಲಿ ಬೂದಿ.

"ನಾಕ ಎಳಿ ಅಷ್ಟ" ಅಂದಳು, ನನ್ನ ಮುಖ ನೋಡದೆ.

ಆ ದಿನ ನಾನು ವಾದ ಮಾಡಲಿಲ್ಲ. ಎಣ್ಣೆ ಬಾಟಲಿ ತೆಗೆದು ಮುಂದಿಟ್ಟೆ.

ಈ ನಡುವೆ ಶೀಟಿನ ಬಣ್ಣಗಳು ಒಂದೊಂದಾಗಿ ಅಳಿದವು. ಒಸಾಕಾ ಹೋಯಿತು. ಕನಝಾವಾ ಹೋಯಿತು. ನಾರಾ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಟೋಕಿಯೋದಲ್ಲಿ ಒಂದು ರಾತ್ರಿ ತಂಗುವುದು, ಅಷ್ಟೇ. ಉಳಿದ ದಿನಗಳೆಲ್ಲ ಕ್ಯೋಟೋ. ಅಲ್ಲಿನ ಒಂದು ಪುಟ್ಟ ಮಗ್ಗದ ಮನೆಗೆ ಇಮೇಲ್ ಬರೆದೆ: ನಮಗೆ ನೇಯುವುದು ಬೇಡ, ನೀವು ಹಾಸು ಕೂಡಿಸುವ ದಿನ ಯಾವುದು ಹೇಳಿ, ಹಿಂದೆ ಕೂತು ನೋಡುತ್ತೇವೆ. ವಾರದ ಮೇಲೆ ಉತ್ತರ ಬಂತು. ಹೀಗೆ ಕೇಳಿದವರು ನೀವೇ ಮೊದಲು, ಆ ಕೆಲಸ ಮಾಡುವವರು ನಮ್ಮ ಅತ್ತೆ, ಅವರಿಗೆ ತಿಳಿಸಿದ್ದೇವೆ, ಬನ್ನಿ. ಓದಿ ಹೇಳಿದೆ. "ಅಲ್ಲೂ ಕೆಚ್ಚಾಕಿ ಮನಿ ಹೆಣಮಗಳ ಏನು?" ಎಂದು ಚಿಗವ್ವ ಸಮಾಧಾನದಿಂದ ತಲೆ ಆಡಿಸಿದಳು.

ಮೊನ್ನೆ ಭಾನುವಾರ ಪರೀಕ್ಷೆ ಮಾಡಿಯೇ ಬಿಡೋಣವೆಂದು ಆಕೆಯ ಜೊತೆ ರೇಷನ್ ಅಂಗಡಿಗೆ ಹೋದೆ. ಅಭ್ಯಾಸದಂತೆ ಕಿರುಬೆರಳು ಮುಂದೆ ಬಂತು. ಮಡಚಿ, ತೋರುಬೆರಳು ಇಟ್ಟಳು. ಕೆಂಪು ದೀಪ. "ಇಂಕೋಸಾರಿ ಪೆಟ್ಟಮ್ಮಾ" ಎಂದು ಅಂಗಡಿಯವರು ತೆಲುಗಿನಲ್ಲಿ ಇನ್ನೊಮ್ಮೆ ಇಡಲು ಹೇಳಿದರು. ಮತ್ತೊಮ್ಮೆ ಇಟ್ಟಳು. ಕೆಂಪು. ಸಾಲಿನಲ್ಲಿದ್ದವರು ಕತ್ತು ಚಾಚಿದರು. ಬೆರಳನ್ನು ಸೆರಗಿಗೆ ಒರೆಸಿ, ಮೂರನೇ ಸಲ ಮೆಲ್ಲಗೆ ಇಟ್ಟು ಕಣ್ಣು ಮುಚ್ಚಿದಳು.

ಹಸಿರು.

ಚಿಗವ್ವ ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡವಳು ಮನೆ ಬರುವವರೆಗೂ ಬಿಚ್ಚಲಿಲ್ಲ. ಅಕ್ಕಿ ಚೀಲ ನಾನು ಹೊತ್ತೆ.

ಸಂಜೆ ಗದ್ವಾಲ ಬಸ್ ಸ್ಟ್ಯಾಂಡಿನಲ್ಲಿ ಕೂತು, ಅವ್ವನಿಗೆ ಸುದ್ದಿ ಹೇಳೋಣವೆಂದು ಫೋನಿನ ಮೇಲೆ ಬೆರಳಿಟ್ಟೆ. ಲಾಕ್ ತೆರೆಯಲಿಲ್ಲ. ಒರೆಸಿ ಇಟ್ಟೆ. ತೆರೆಯಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿ ನುಣ್ಣಗಿತ್ತು.

ಟೋಕಿಯೋದ ಕೌಂಟರಿನ ಮುಂದೆ, ಈಕೆ ಈಕೆಯೇ ಎಂದು ಈಗ ನಮ್ಮಿಬ್ಬರಲ್ಲಿ ಯಾರು ಯಾರಿಗೆ ಸಾಕ್ಷಿ ಹೇಳಬೇಕು?